ನಾಲ್ಕು ವೈರಿನ ಸಂಸಾರ

ಮಂಡ್ಯ ಕಡೆ ಬೆಳೆದವನಿಗೆ ಟ್ರೇಲರ್ ಕಟ್ಟೋದನ್ನ ಯಾರಾದರೂ ಹೇಳಿಕೊಡಬೇಕಾ ಅನ್ನೋ ಸೊಕ್ಕು ನನಗಿತ್ತು. ನಮ್ಮೂರಲ್ಲಿ ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ಒಂದು ಕಬ್ಬಿಣದ ಪಿನ್ನು ಇಳಿಸಿದರೆ ಮುಗೀತು. ಹಿಂದಿನ ಲೈಟು? ಕಬ್ಬಿನ ಲೋಡಿನ ಮೇಲೆ ಟಾರ್ಚ್ ಹಿಡಿದು ಕೂತ ಹುಡುಗನೇ ಲೈಟು. ಎಷ್ಟೋ ರಾತ್ರಿ ಆ ಲೈಟು ನಾನೇ. ನನಗೆ ನಿದ್ದೆ ಬಂದರೆ ಲೈಟೂ ಆಫ್.

ಈಗ ಇರೋದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ರಾಲಿಯಿಂದ ಶಾರ್ಲೆಟ್‌ಗೆ ಮನೆ ಬದಲಾಯಿಸಬೇಕಿತ್ತು. ಬಾಡಿಗೆ ಲಾರಿಗೆ ದುಡ್ಡು ಯಾಕೆ ಸುರೀಬೇಕು ಅಂತ ಒಂದು ಹಳೇ ಚಿಕ್ಕ ಟ್ರೇಲರ್ ಕೊಂಡು ತಂದೆ. ಟ್ರೇಲರ್ ಸಿಕ್ಕಿಸೋ ಕಬ್ಬಿಣದ ಗುಂಡು, ಅಂದರೆ ಬಾಲ್, ಕಾರಿನ ಹಿಂದೆ ಮೊದಲೇ ಇತ್ತು. ಹೆಂಡತಿ ಆಗಲೇ ಕೇಳಿದಳು, ‘ಇದು ನಿಮಗೆ ಬರುತ್ತಾ?’ ನಾನು ನಕ್ಕೆ.

ಮೊದಲ ಪೆಟ್ಟು ಬಾಲಿಂದಲೇ ಬಿತ್ತು. ಬಾಲಿನ ಮೇಲೆ ಟೋಪಿ ಹಾಗೆ ಕೂರೋ ಟ್ರೇಲರ್ ಮೂತಿ 2 ಇಂಚಿನ ಬಾಲಿಗೆ ಮಾಡಿದ್ದು, ನನ್ನ ಕಾರಲ್ಲಿ ಇದ್ದದ್ದು 1 7/8 ಇಂಚಿಂದು. ಕಣ್ಣಿಗೆ ಎರಡೂ ಒಂದೇ. ಮೂತಿ ಆರಾಮಾಗಿ ಕೂತಿತು, ಲಾಚೂ ಬಿತ್ತು. ಪಕ್ಕದ ಮನೆಯ ನಿವೃತ್ತ ಮೆಕಾನಿಕ್ ಅಜ್ಜ ಬೇಲಿ ಆಚೆಯಿಂದ ನೋಡಿ, ಟ್ರೇಲರ್ ಜಾಕನ್ನು ತಿರುಗಿಸಿ ಮೇಲೆತ್ತು ಅಂದರು. ಸರಿಯಾಗಿ ಕಚ್ಚಿದ್ದರೆ ಕಾರಿನ ಹಿಂಭಾಗವೂ ಜೊತೆಗೆ ಮೇಲೇಳಬೇಕು. ನನ್ನದರಲ್ಲಿ ಟೋಪಿ ತೆಗೆದು ನಮಸ್ಕಾರ ಹೇಳಿದ ಹಾಗೆ ಮೂತಿ ಮಾತ್ರ ಮೇಲೆದ್ದು ಬಂತು. ಅಳತೆ ಬಾಲಿನ ನೆತ್ತಿಯ ಮೇಲೇ ಕೆತ್ತಿರುತ್ತೆ ಅಂತ ಅಜ್ಜ ತೋರಿಸಿದರು. ಹೊಸ ಬಾಲ್ ತಂದೆ.

ಆಮೇಲೆ ವೈರಿಂಗು. ಇರೋದು ನಾಲ್ಕೇ ವೈರು. ಕಂದು ಬಣ್ಣದ್ದು ಹಿಂದಿನ ಲೈಟಿಗೆ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಇಂಡಿಕೇಟರೂ ಬ್ರೇಕ್ ಲೈಟೂ ಒಂದೇ ವೈರಲ್ಲಿ ಸಂಸಾರ ಮಾಡ್ತವೆ. ಬಿಳಿ ವೈರು ಅರ್ಥಿಂಗ್‌ಗೆ, ಅಂದರೆ ಕರೆಂಟು ವಾಪಸ್ ಹೋಗೋ ದಾರಿ. ಬಿಳಿದನ್ನು ಕಾರಿನ ಬಾಡಿಗೆ ಒಂದು ಸ್ಕ್ರೂ ಹಾಕಿ ಬಿಗಿದೆ. ಪೇಂಟಿನ ಮೇಲೇ. ಪೇಂಟ್ ಕೆರೀಬೇಕು ಅಂತ ಯಾರಿಗೆ ಗೊತ್ತಿತ್ತು?

ಹೆಂಡತಿಯನ್ನು ಹಿಂದೆ ನಿಲ್ಲಿಸಿ ಟೆಸ್ಟ್ ಶುರು ಮಾಡಿದೆ.

‘ಎಡಗಡೆ ಬರ್ತಿದೆಯಾ?’

‘ನನ್ನ ಎಡವಾ, ನಿಮ್ಮ ಎಡವಾ?’

ಇದರ ಮೇಲೆ ಹತ್ತು ನಿಮಿಷ ಜಗಳ ಆಯಿತು. ಇಬ್ಬರೂ ಒಂದೇ ಕಡೆಗೆ ಮುಖ ಮಾಡಿದ್ದೇವೆ, ಇಬ್ಬರ ಎಡವೂ ಒಂದೇ ಅಂತ ಕೊನೆಗೆ ಹೇಳಿದ್ದು ನಮ್ಮ ಎಂಟು ವರ್ಷದ ಮಗಳು. ಅಂತೂ ಲೈಟುಗಳು ಪಳಪಳ ಉರಿದವು. ನಾನು ಕಾಲರ್ ಏರಿಸಿದೆ.

ಆಗ ಅಜ್ಜ ಒಂದು ಡಬ್ಬಿ ಗ್ರೀಸ್ ಕೊಟ್ಟರು. ಬಾಲಿಗೆ ಸವರು, ಸವೆಯೋದಿಲ್ಲ ಅಂದರು. ಪುಕ್ಕಟೆ ಸಿಕ್ಕಿದ್ದು ಅಂತ ಧಾರಾಳವಾಗಿ ಮೆತ್ತಿದೆ. ಅಲ್ಲಿಂದ ಲೈಟುಗಳಿಗೆ ದೆವ್ವ ಹಿಡಿಯಿತು. ಎಡ ಇಂಡಿಕೇಟರ್ ಹಾಕಿದರೆ ಎರಡೂ ಕಡೆ ಮಂಕಾಗಿ ಮಿಣುಕುತ್ತವೆ. ಹೆಡ್‌ಲೈಟ್ ಹಾಕಿ ಬ್ರೇಕ್ ಒತ್ತಿದರೆ ಜಾಸ್ತಿ ಉರಿಯೋ ಬದಲು ಆರಿಹೋಗ್ತವೆ. ಬಲ್ಬ್ ಬದಲಾಯಿಸಿದೆ, ಫ್ಯೂಸ್ ಬದಲಾಯಿಸಿದೆ. ಹೆಂಡತಿಯ ಕಣ್ಣು ತಪ್ಪಿಸಿ ಟ್ರೇಲರಿಗೊಂದು ಒದೆಯನ್ನೂ ಕೊಟ್ಟೆ. ಶನಿವಾರ ಶುರು ಮಾಡಿದ ಕೆಲಸ ಸೋಮವಾರಕ್ಕೆ ಬಂತು.

ಅಜ್ಜ ಕಾರಿನ ಕೆಳಗೆ ಒಂದೇ ಸಲ ಇಣುಕಿದರು. ಪೇಂಟಿನ ಮೇಲೆ ಕೂತ ಬಿಳಿ ವೈರು ಮೊದಲಿಂದಲೂ ಕೆಲಸವನ್ನೇ ಮಾಡಿರಲಿಲ್ಲ. ಕರೆಂಟು ಬಾಲಿನ ಮೂಲಕ ಕಬ್ಬಿಣದಿಂದ ಕಬ್ಬಿಣಕ್ಕೆ ಕಳ್ಳದಾರಿಯಲ್ಲಿ ವಾಪಸ್ ಹೋಗುತ್ತಿತ್ತು. ನಾನು ಮೆತ್ತಿದ ಗ್ರೀಸು ಆ ದಾರಿಯನ್ನೂ ಮುಚ್ಚಿತು. ಬೇರೆ ದಾರಿ ಕಾಣದೆ ಅದು ಪಕ್ಕದ ಬಲ್ಬುಗಳಲ್ಲಿ ನುಸುಳಾಡುತ್ತಿತ್ತು.

‘ಏನಂತೆ?’ ಅಂದಳು ಹೆಂಡತಿ.

‘ಅರ್ಥ್ ಆಗಿಲ್ವಂತೆ.’

‘ನಿಮಗೆ ತಾನೇ? ಅದು ನನಗೆ ಶನಿವಾರದಿಂದಲೇ ಗೊತ್ತು.’

ಸ್ಕ್ರೂ ಬಿಚ್ಚಿ, ಬಿಳಿ ತಗಡು ಕಾಣುವ ತನಕ ಪೇಂಟ್ ಕೆರೆದು, ಮತ್ತೆ ಬಿಗಿದೆ. ಎರಡು ನಿಮಿಷದ ಕೆಲಸ. ಲೈಟುಗಳು ಒಳ್ಳೇ ಮಕ್ಕಳಂತೆ ಉರಿದವು.

ಕೊನೆಗೆ, ಮೂತಿ ಕಳಚಿದರೂ ಟ್ರೇಲರನ್ನು ಕಾರಿಗೆ ಹಿಡಿದಿಡೋ ಎರಡು ಚೈನು. ನಾನು ಎರಡನ್ನೂ ನೇರವಾಗಿ ಸಿಕ್ಕಿಸಿದ್ದೆ. ಅಜ್ಜ ಬಿಚ್ಚಿಸಿದರು. ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ, ಮೂತಿಯ ಕೆಳಗೆ ಕತ್ತರಿಯಾಗಿ ಹಾಯಬೇಕು. ಮೂತಿ ಕಳಚಿಬಿದ್ದರೆ ರಸ್ತೆಗೆ ಹೂತುಕೊಳ್ಳದೆ ತೊಟ್ಟಿಲಲ್ಲಿ ಮಲಗಿದ ಹಾಗೆ ಚೈನಿನ ಮೇಲೆ ಬೀಳುತ್ತೆ. ತಿರುವಿನಲ್ಲಿ ಎಳೆಯದಷ್ಟು ಸಡಿಲ ಬೇಕು, ನೆಲಕ್ಕೆ ತಾಗಿ ಕಿಡಿ ಹಾರುವಷ್ಟು ಬೇಡ. ತನ್ನದೇ ಬ್ರೇಕ್ ಇರೋ ದೊಡ್ಡ ಟ್ರೇಲರಿಗೆ ಇನ್ನೊಂದು ಸಣ್ಣ ಕೇಬಲ್ ಇರುತ್ತೆ. ಸಂಬಂಧ ಪೂರ್ತಿ ಕಡಿದುಹೋದರೆ ಆ ಕೇಬಲ್ ಒಂದು ಪಿನ್ ಕಿತ್ತು, ಟ್ರೇಲರ್ ತನ್ನದೇ ಬ್ಯಾಟರಿಯಿಂದ ತಾನೇ ಬ್ರೇಕ್ ಹಾಕಿಕೊಳ್ಳುತ್ತೆ. ಅದನ್ನು ಹೆಂಡತಿ ಸ್ವಲ್ಪ ಜಾಸ್ತಿಯೇ ಆಸಕ್ತಿಯಿಂದ ಕೇಳಿಸಿಕೊಂಡಳು.

ಶಾರ್ಲೆಟ್‌ಗೆ ಒಂದು ತೊಂದರೆಯೂ ಇಲ್ಲದೆ ತಲುಪಿದೆವು. ಸಾಮಾನು ಇಳಿಸಿದೆವು. ಊಟ ತರೋಣ ಅಂತ ಟ್ರೇಲರ್ ಬಿಚ್ಚಿದೆ. ಚೈನು ತೆಗೆದೆ, ಲಾಚ್ ತೆಗೆದೆ, ಜಾಕ್ ತಿರುಗಿಸಿ ಮೂತಿ ಎತ್ತಿದೆ. ಕಾರು ಹತ್ತಿ ಹೊರಟೆ. ಹಿಂದೆ ಪಟ್ ಅಂತ ಒಂದು ಸದ್ದು.

ಟ್ರೇಲರ್ ವೈರನ್ನು ಕಾರಿಗೆ ಸಿಕ್ಕಿಸೋ ಪ್ಲಗ್ಗು ತೆಗೆಯೋದು ಮರೆತಿತ್ತು. ನಾಲ್ಕು ವೈರೂ ಬುಡದಿಂದಲೇ ಕಿತ್ತು, ಕಾರಿನ ಹಿಂದೆ ಬಾಲದ ಹಾಗೆ ನೇತಾಡುತ್ತಿದ್ದವು. ಟ್ರೇಲರನ್ನು ಮಾರನೇ ದಿನ ಎರಡನೇ ಟ್ರಿಪ್ಪಿಗೆ ರಾಲಿಗೆ ಒಯ್ಯಬೇಕಿತ್ತು.

ಹೆಂಡತಿ ಏನೂ ಅನ್ನಲಿಲ್ಲ. ಡಬ್ಬಿಯೊಂದರಿಂದ ಟಾರ್ಚ್ ಹುಡುಕಿ ತೆಗೆದು ನನ್ನ ಕೈಗೆ ಕೊಟ್ಟಳು.

‘ನಾಳೆ ನಾನು ಓಡಿಸ್ತೀನಿ. ನೀವು ಹಿಂದೆ ಹತ್ತಿ ಕೂತ್ಕೊಳ್ಳಿ. ನಿದ್ದೆ ಮಾಡಬೇಡಿ.’