ಮುಹೂರ್ತ ಅನ್ನುವ ಒಂದು ಪದ

ಭಾನುವಾರದಿಂದ ತಲೆ ಕೆಟ್ಟಿದೆ. ಬರೆದರಾದರೂ ಸಮಾಧಾನ ಆಗುತ್ತದೇನೋ ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ತೀರ್ಥಹಳ್ಳಿ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿದಿತ್ತು. ಜಗಲಿಯಲ್ಲಿ ಎಲೆ ಅಡಿಕೆ ತಟ್ಟೆ ನಡುವೆ ಇಟ್ಟುಕೊಂಡು ಇಪ್ಪತ್ತು ಇಪ್ಪತ್ತೈದು ಜನ ಕೂತಿದ್ದರು. ಕೊಳೆರೋಗ, ರಾಶಿ ಅಡಿಕೆ ರೇಟು, ಅದೇ ಮಾತು. ಅಷ್ಟರಲ್ಲಿ ಯಾರೋ ಒಂದು ಮದುವೆ ಕಾಗದ ಕೊಟ್ಟರು. ಮನೆಯ ಹಿರಿಯರೊಬ್ಬರು ಅಲ್ಲೇ ಓಡಾಡುತ್ತಿದ್ದ ನಾಲ್ಕನೇ ಕ್ಲಾಸಿನ ಹುಡುಗಿಯನ್ನು ಕರೆದರು. "ಬಾರೇ ಇಲ್ಲಿ, ಇದನ್ನ ಎಲ್ಲರಿಗೂ ಕೇಳೋ ಹಾಗೆ ಓದು ನೋಡಣ. ಶಾಲೆಲಿ ಎಂತ ಕಲ್ತಿದೀಯ ಗೊತ್ತಾಗ್ಲಿ."

ಮಗು ಕಾಗದ ಹಿಡಿದು ನಿಂತಿತು. "ಶುಭ" ಅಂತ ಓದಿತು. ಮುಂದೆ "ಮುಹೂರ್ತ" ಇತ್ತು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿತು. "ಮು... ಹೂ... ಮುಹೂತ್ರ."

ಜಗಲಿಗೆ ಜಗಲಿಯೇ ನಕ್ಕಿತು. ಆ ಪದದೊಳಗೆ ಇನ್ನೊಂದು ಪದ ಕೇಳಿಸಿತ್ತಲ್ಲ, ಅದನ್ನು ಹಿಡಿದುಕೊಂಡು ಹುಡುಗರು ಸಂಜೆಯವರೆಗೂ ಬಿಡಲಿಲ್ಲ. ಹಿರಿಯರು "ಇನ್ನೊಂದ್ಸಲ ಓದು" ಅಂದರು. ಮತ್ತೆ ಅದೇ. ಮತ್ತೆ ನಗು. ಮಗುವಿನ ಕೈಯಲ್ಲಿದ್ದ ಕಾಗದ ನಡುಗುತ್ತಿತ್ತು. ನಾನು ಎದ್ದು ಹೋಗಿ ಕಾಗದ ಕಿತ್ತುಕೊಂಡೆ. ನನ್ನ ಸಿಟ್ಟು ನಿಮಗೆಲ್ಲ ಗೊತ್ತಲ್ಲ. ಅಲ್ಲಿ ಏನೇನು ಅಂದೆನೋ ಅದನ್ನು ಇಲ್ಲಿ ಬರೆಯುವುದಿಲ್ಲ.

ಈಗ ನೀವೇ ಒಂದು ಕಾಗದದ ಮೇಲೆ "ಮುಹೂರ್ತ" ಅಂತ ಬರೆದು ನೋಡಿ. ಬಾಯಲ್ಲಿ ರಕಾರ ಮೊದಲು ಬರುತ್ತದೆ, ತಕಾರ ಆಮೇಲೆ. ಕಾಗದದ ಮೇಲೆ? ತ ಮೊದಲು, ಅದರ ಬಲಕ್ಕೆ ಅರ್ಕಾವತ್ತು. ಆ ಮಗು ಕಣ್ಣಿಗೆ ಕಂಡ ಸಾಲಿನಲ್ಲೇ ಓದಿತ್ತು. ತ, ಆಮೇಲೆ ರ. ನಾವು ನಕ್ಕೆವು.

ಅವಳಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವುದರಲ್ಲೇ ಇರುವ ತೊಂದರೆ, ಇದೆ ಅಂತ ನಾನು ಹೇಳುತ್ತಿಲ್ಲ. ಒಂದು ಪದ ತಪ್ಪಿದ ಮಾತ್ರಕ್ಕೆ ಹಾಗೆ ಹೇಳಲು ಬರುವುದಿಲ್ಲ. ಕಣ್ಣು ಕಿವಿ ಸರಿಯಿದೆಯಾ ಅಂತ ಮೊದಲು ನೋಡಿಸಬೇಕು. ಆಮೇಲೆ ತಿಳಿದವರು ಕೂತು ಪರೀಕ್ಷೆ ಮಾಡಬೇಕು. ಆದರೆ ಅವಳ ಅಮ್ಮ ಹಿತ್ತಲಲ್ಲಿ ನಿಂತು ಹೇಳಿದ್ದನ್ನು ಕೇಳಿದರೆ ನನ್ನ ಹಾಗೆ ಪಾಠ ಹೇಳಿಕೊಡುವ ಯಾರಿಗಾದರೂ ಅನುಮಾನ ಬರುತ್ತದೆ. ಬೋರ್ಡ್ ನೋಡಿ ಬರೆದುಕೊಳ್ಳುವಷ್ಟರಲ್ಲಿ ಬೆಲ್ ಹೊಡೆಯುತ್ತದಂತೆ. ಮ ಮತ್ತು ಯ ಇನ್ನೂ ಅದಲು ಬದಲು. ನಿನ್ನೆ ಓದಿದ ಪದ ಇವತ್ತು ಹೊಸದು. ಆದರೆ ಕಥೆ ಓದಿ ಹೇಳಿದರೆ ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಾಳಂತೆ. "ಎಲ್ಲಾ ಗೊತ್ತಾಗತ್ತೆ ಅಕ್ಕ, ಪುಸ್ತಕ ಹಿಡಿದ್ರೆ ಮಾತ್ರ ಹೀಗೆ. ಸೋಮಾರಿತನ ಅಂತಾರೆ ಟೀಚರ್" ಅಂದಳು.

ಸೋಮಾರಿತನ. ಈ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ.

ಮಾತು ಮಕ್ಕಳಿಗೆ ತಾನಾಗಿ ಬರುತ್ತದೆ. ಓದು ಹಾಗಲ್ಲ. ಮನುಷ್ಯ ಬರೆಯಲು ಶುರು ಮಾಡಿ ಸುಮಾರು 5000 ವರ್ಷ ಆಗಿದೆ, ಅಷ್ಟೇ. ಮಿದುಳಿನಲ್ಲಿ ಓದಿಗೆ ಅಂತ ಹುಟ್ಟಿನಿಂದ ಮಾಡಿಟ್ಟ ಜಾಗ ಇಲ್ಲ. ಪ್ರತಿ ಮಗುವೂ ಕೇಳುವ ಶಬ್ದವನ್ನು ಬಿಡಿಸಿ, ನೋಡುವ ಅಕ್ಷರಕ್ಕೆ ಗಂಟು ಹಾಕಿಕೊಳ್ಳಬೇಕು. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಕಷ್ಟ ಆಗುವುದು ಮುಖ್ಯವಾಗಿ ಇಲ್ಲೇ. ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ. ಕನ್ನಡಕ ಹಾಕಿಸಿದರೆ ಹೋಗುವುದೂ ಇಲ್ಲ. ಮನೆತನದಲ್ಲಿ ಹರಿದು ಬರುವುದೂ ಜಾಸ್ತಿ.

ನಮ್ಮ ಲಿಪಿ ಸುಲಭದ್ದು, ಬರೆದ ಹಾಗೆ ಓದುತ್ತೇವೆ ಅಂತೀವಿ. ತಲೆಕಟ್ಟು, ಗುಡಿಸು, ಕೊಂಬು, ವಟ್ರಸುಳಿ, ಅದರ ಮೇಲೆ ದೀರ್ಘ, ಅದರ ಕೆಳಗೆ ಒತ್ತು. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಯಾವ ತೊಂದರೆಯೂ ಇಲ್ಲದ ಮಕ್ಕಳಿಗೇ ನಮ್ಮ ಅಕ್ಷರಗಳ ಕಲಿಕೆ ಮೂರು ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ. ಹಾಗಿರುವಾಗ ನಾಲ್ಕನೇ ಕ್ಲಾಸಿನ ಮಗುವಿನ ಕೈಗೆ ಲಗ್ನಪತ್ರಿಕೆ ಕೊಟ್ಟು ಎಲ್ಲರೆದುರು ನಿಲ್ಲಿಸುವುದು ಯಾವ ನ್ಯಾಯ?

ನನಗೆ ಇಷ್ಟು ಸಿಟ್ಟು ಬರಲು ಕಾರಣ ಬೇರೆಯೇ ಇದೆ. ನನ್ನ ತಮ್ಮ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

ನಾನು ಎಂಟನೇ ಕ್ಲಾಸು, ಅವನು ನಾಲ್ಕು. ಮಳೆಗಾಲ, ಕರೆಂಟಿಲ್ಲ, ಲಾಟೀನು ಬೆಳಕು. ಅವನಿಗೆ ಕಾಗುಣಿತ ಹೇಳಿಕೊಡುವ ಕೆಲಸ ನನ್ನದು. ಅವನು "ಮರ" ಅನ್ನುವುದನ್ನು "ಯರ" ಅಂತ ಓದುತ್ತಿದ್ದ. ಹತ್ತು ಸಲ ಬರಿ ಅಂತಿದ್ದೆ. ಹತ್ತು ಸಲವೂ ತಪ್ಪು ಬರೆಯುತ್ತಿದ್ದ. ಬೇಕೆಂದೇ ಮಾಡುತ್ತಾನೆ ಅನ್ನಿಸಿ ಸ್ಕೇಲಿನಿಂದ ಹೊಡೆಯುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಮಕ್ಕಳನ್ನೆಲ್ಲ ಕರೆದು ಅವರೆದುರು ಅವನ ಕೈಯಲ್ಲಿ ಓದಿಸಿದೆ. ನಾಚಿಕೆಯಾದರೆ ಕಲಿಯುತ್ತಾನೆ ಅಂತ. ಅವತ್ತು ಮೊದಲು ನಕ್ಕವಳು ನಾನು.

ಆಮೇಲೆ ಅವನು ನನ್ನ ಹತ್ತಿರ ಪಾಠಕ್ಕೆ ಕೂರಲೇ ಇಲ್ಲ. ಪುಸ್ತಕ ಕಂಡರೆ ತೋಟಕ್ಕೆ ಓಡುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡದಲ್ಲೇ ಫೇಲಾದ. "ಮನೆಮಾತಲ್ಲೇ ಫೇಲ್ ಆದ್ನಲ್ಲ ಮಾರಾಯ್ತಿ" ಅಂತ ಊರೆಲ್ಲ ಆಡಿಕೊಂಡಿತು. ಅವನು ಬೆಂಗಳೂರಿಗೆ ಹೋಟೆಲ್ ಕೆಲಸಕ್ಕೆ ಹೋದ.

ಅದಕ್ಕೆ, "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ಈಗ ಎಲ್ಲದಕ್ಕೂ ಒಂದೊಂದು ಹೆಸರು" ಅನ್ನುವವರ ಜೊತೆ ನನಗೆ ತಾಳ್ಮೆ ಇಲ್ಲ. ಭಾನುವಾರವೂ ಒಬ್ಬರು ಇದೇ ಅಂದರು. ಇತ್ತು ಸ್ವಾಮಿ. ನಮ್ಮ ಕಾಲದಲ್ಲೂ ಇತ್ತು, ನಮ್ಮ ಅಜ್ಜನ ಕಾಲದಲ್ಲೂ ಇತ್ತು. ಆ ಮಕ್ಕಳು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಘಟ್ಟ ಇಳಿದೋ, ಬೆಂಗಳೂರು ಬಸ್ ಹತ್ತಿಯೋ ಹೋದರು. ಹಾಗಾಗಿ ನಿಮ್ಮ ಕಣ್ಣಿಗೆ ಬೀಳಲಿಲ್ಲ.

ಡಿಸ್ಲೆಕ್ಸಿಯಾ ಅನ್ನುವ ಹೆಸರನ್ನು ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ಕೊಟ್ಟಿದ್ದು 1880ರ ದಶಕದಲ್ಲಿ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಆಟದಲ್ಲಿ ಚುರುಕು, ಮಾತಿನಲ್ಲಿ ಚುರುಕು, ಓದಲು ಮಾತ್ರ ಆಗದು. ಪಾಠವೆಲ್ಲ ಬಾಯಿಮಾತಿನಲ್ಲೇ ಇದ್ದಿದ್ದರೆ ಶಾಲೆಗೇ ಇವನು ಮೊದಲಿಗ ಅಂತ ಅವನ ಮೇಷ್ಟ್ರೇ ಹೇಳಿದ್ದರು. ಆ ಹುಡುಗನ ಹೆಸರು ಪರ್ಸಿ. ತನ್ನ ಹೆಸರನ್ನೇ ಅವನು "ಪ್ರೆಸಿ" ಅಂತ ಬರೆದಿದ್ದ. ಯಾರಾದರೂ ತೋರಿಸುವ ತನಕ ತಪ್ಪು ಅವನಿಗೆ ಕಾಣಿಸಲೂ ಇಲ್ಲ.

ನೋಡಿ, ಅಲ್ಲಿಯೂ ರಕಾರವೇ ಜಾಗ ಬದಲಿಸಿತ್ತು. ನೂರಿಪ್ಪತ್ತು ವರ್ಷಕ್ಕಿಂತ ಹಿಂದೆ ಒಬ್ಬ ವೈದ್ಯರು ಅದನ್ನು ಕಂಡು ಯೋಚನೆಗೆ ಕೂತರು. ನಮ್ಮ ಜಗಲಿಯಲ್ಲಿ ಇವತ್ತಿಗೂ ನಗುತ್ತೇವೆ.

ಇನ್ನು ಕೆಲವರು, ಪರೀಕ್ಷೆಯಲ್ಲಿ ಈ ಮಕ್ಕಳಿಗೆ ಜಾಸ್ತಿ ಸಮಯ ಕೊಟ್ಟರೆ ಉಳಿದವರಿಗೆ ಅನ್ಯಾಯ ಅಂತಾರೆ. ಓದುವುದಕ್ಕೇ ದುಪ್ಪಟ್ಟು ಹೊತ್ತು ಹಿಡಿಯುವ ಮಗುವಿಗೆ ಗಡಿಯಾರ ಮಾತ್ರ ಎಲ್ಲರದ್ದೇ ಇರಬೇಕಾ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದಾಗ ಅಂಗವೈಕಲ್ಯಗಳ ಪಟ್ಟಿ 7ರಿಂದ 21ಕ್ಕೆ ಏರಿತು. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಅದರಲ್ಲಿ ಸೇರಿದೆ. ಅರ್ಹತೆ ಇರುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಅಂತ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಬರೆದುಕೊಡುವವರನ್ನೂ ಕೇಳಬಹುದು. ಇದು ಯಾರ ದಯೆಯೂ ಅಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಡಿಸ್ಲೆಕ್ಸಿಯಾ ಇದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ನಮ್ಮ ಕಡೆಯವರಿಗೆ ರಾತ್ರಿ ಬಸ್ಸು, ಒಂದೆರಡು ದಿನದ ಕೂಲಿ ಹೋಗುವುದು, ತೋಟ ನೋಡಿಕೊಳ್ಳುವವರು ಯಾರು ಅನ್ನುವ ಚಿಂತೆ. ಕಷ್ಟ ನನಗೂ ಗೊತ್ತು. ಆದರೂ ಹೋಗಿ. ಸರ್ಟಿಫಿಕೇಟ್ ಬರುವ ತನಕ ಸುಮ್ನೆ ಕೂರಬೇಕಾಗಿಯೂ ಇಲ್ಲ. ಸಹಾಯ ಇವತ್ತೇ ಶುರು ಮಾಡಬಹುದು.

ನಾವು ಅಕ್ಷರಾಭ್ಯಾಸದ ದಿನ ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ಬರೆಸುತ್ತೇವೆ ಅಲ್ವಾ? ಈ ಮಕ್ಕಳಿಗೆ ಅದೇ ಬೇಕು, ಒಂದು ದಿನ ಅಲ್ಲ, ತಿಂಗಳುಗಟ್ಟಲೆ. ಬೆರಳು ಅಕ್ಷರ ತಿದ್ದಬೇಕು, ಬಾಯಿ ಅದರ ಶಬ್ದ ಹೇಳಬೇಕು, ಕಣ್ಣು ನೋಡಬೇಕು, ಎಲ್ಲ ಒಟ್ಟಿಗೆ. ಮ ಗಟ್ಟಿಯಾಗುವ ತನಕ ಯ ತರಬಾರದು. ದಿನಾ ಇಪ್ಪತ್ತು ನಿಮಿಷ ಸಾಕು. ಅರ್ಕಾವತ್ತಿಗೆ ನಾನು ಮೊದಲು ರ ಬರೆಸಿ ಅದರ ಕೆಳಗೆ ತ ಒತ್ತು ಕೊಡಿಸುತ್ತೇನೆ. ನಾಲಿಗೆ ಹೋದ ದಾರಿಯಲ್ಲೇ ಕೈಯೂ ಹೋಗುತ್ತದೆ. ಅದು ಕೂತ ಮೇಲೆ ಅರ್ಕಾವತ್ತು. ಸಮಾಜ ವಿಜ್ಞಾನದ ಉತ್ತರವನ್ನು ಬಾಯಲ್ಲಿ ಕೇಳಿ, ಒತ್ತಕ್ಷರ ತಪ್ಪಿದ್ದಕ್ಕೆ ಅಲ್ಲಿ ಅಂಕ ಕಳೆಯಬೇಡಿ. ಮತ್ತೆ, ಎಲ್ಲರೆದುರು ಓದಿಸಬೇಡಿ. ಓದಿಸಲೇಬೇಕು ಅಂದರೆ ಹಿಂದಿನ ದಿನವೇ ಎರಡು ಸಾಲು ಕೊಟ್ಟು ಅಭ್ಯಾಸ ಮಾಡಿಸಿ.

ದೊಡ್ಡವರಾದ ಮೇಲೂ ಇದು ಹೋಗುವುದಿಲ್ಲ. ತಮ್ಮ ಊರಿಗೆ ವಾಪಸ್ ಬಂದು ತೋಟ ನೋಡಿಕೊಳ್ಳುತ್ತಿದ್ದಾನೆ. ಸೊಸೈಟಿಯಲ್ಲಿ ಅರ್ಜಿ ತುಂಬಿ ಅಂದರೆ "ಕನ್ನಡಕ ಮರೆತು ಬಂದೆ, ಮನೇಲಿ ತುಂಬ್ಕೊಂಡು ಬರ್ತೀನಿ" ಅನ್ನುತ್ತಾನೆ. ಇಪ್ಪತ್ತೈದನೇ ವಯಸ್ಸಿನಿಂದ ಹೀಗೇ ಹೇಳಿಕೊಂಡು ಬಂದಿದ್ದಾನೆ. ಅವನ ಹತ್ತಿರ ಕನ್ನಡಕ ಇಲ್ಲ. ಇದು ನನಗೆ ಗೊತ್ತಾಗಿದ್ದು ಆರು ವರ್ಷದ ಹಿಂದೆ, ಪಾಠಕ್ಕೆ ಬರುತ್ತಿದ್ದ ಒಬ್ಬ ಹುಡುಗನಿಗೆ ಡಿಸ್ಲೆಕ್ಸಿಯಾ ಇದೆ ಅಂತ ತಿಳಿದು, ಅವನ ತಪ್ಪುಗಳಲ್ಲೆಲ್ಲ ತಮ್ಮನ ಹಳೇ ಪಾಟಿ ಕಂಡು, ಫೋನ್ ಮಾಡಿ ಕ್ಷಮೆ ಕೇಳಿದ ದಿನ. ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಂಗಾದ್ರೆ ನಾನು ದಡ್ಡ ಅಲ್ವಾ ಅಕ್ಕ?" ಅಂದ. ನಲವತ್ತು ದಾಟಿದ ಗಂಡಸು.

ಈಗ ಅವನ ಫೋನೇ ಅವನಿಗೆ ಕನ್ನಡ ಓದಿ ಹೇಳುತ್ತದೆ. ಇವನು ಮಾತಾಡಿದರೆ ಅದು ಟೈಪ್ ಮಾಡುತ್ತದೆ. ಈ ಬರಹವನ್ನೂ ಹಾಗೇ ಕೇಳಿಸಿಕೊಳ್ಳುತ್ತಾನೆ.

ನಿನ್ನೆ ಸಂಜೆ ಆ ಹುಡುಗಿಯ ಅಮ್ಮ ಫೋನ್ ಮಾಡಿದ್ದಳು. ಶನಿವಾರ ಮಗಳನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬರುತ್ತಾಳೆ. "ಅವಳು ಬರಕ್ಕೆ ಒಪ್ತಾ ಇಲ್ಲ ಅಕ್ಕ, ಮತ್ತೆ ಓದಿಸ್ತಾರಾ ಅಂತ ಕೇಳ್ತಾಳೆ" ಅಂದಳು. ಇಲ್ಲ ಅಂತ ಹೇಳು ಅಂದೆ. ಅವತ್ತು ಓದುವವಳು ನಾನು, ಅವಳು ಕೂತು ಕೇಳಲಿ.