ಸಹೋದ್ಯೋಗಿ ಕೊಟ್ಟ ಫುಟ್‌ಬಾಲ್ ಪೆಟ್ಟಿಗೆ: ಬೆಲೆ ಹುಡುಕುವ ಮೊದಲು

ಜೊತೆಗೆ ಕೆಲಸ ಮಾಡುವವರು ಮನೆ ಬದಲಿಸುವಾಗಲೋ ನಿವೃತ್ತರಾಗುವಾಗಲೋ "ನಿಮಗೆ ಫುಟ್‌ಬಾಲ್ ಹುಚ್ಚಲ್ವಾ, ನೀವೇ ಇಟ್ಕೊಳ್ಳಿ" ಅಂತ ಒಂದು ಪೆಟ್ಟಿಗೆ ಕೊಟ್ಟುಬಿಡುತ್ತಾರೆ. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ, ಆಟಗಾರರ ಚಿತ್ರವಿರುವ ಕಾರ್ಡ್ ಕಟ್ಟುಗಳು, ಅರ್ಧ ತುಂಬಿದ ಸ್ಟಿಕರ್ ಆಲ್ಬಮ್, ಪಂದ್ಯದ ಪ್ರೋಗ್ರಾಮ್ ಪುಸ್ತಿಕೆಗಳು, ಮಡಚಿಟ್ಟ ಸಹಿಯ ಜೆರ್ಸಿ. ಪಡೆದವರಲ್ಲಿ ಬಹುಪಾಲು ಮಂದಿ ಅಲ್ಲೇ ಫೋನ್ ತೆಗೆದು ಬೆಲೆ ಹುಡುಕುತ್ತಾರೆ. ಅದು ಆಮೇಲಿನ ಕೆಲಸ. ಮೊದಲು ಕೊಟ್ಟವರ ಜೊತೆ ಅರ್ಧ ಗಂಟೆ ಕೂತು, ಯಾವ ವಸ್ತು ಯಾವಾಗ, ಯಾರಿಂದ, ಹೇಗೆ ಬಂತು ಅಂತ ಕೇಳಿ ಬರೆದುಕೊಳ್ಳಿ. ಕಾರ್ಡನ್ನು ಹತ್ತು ವರ್ಷ ಬಿಟ್ಟೂ ಪರೀಕ್ಷಿಸಬಹುದು. ಅದರ ಹಿನ್ನೆಲೆ ಮಾತ್ರ ಕೊಟ್ಟವರ ನೆನಪಿನಲ್ಲಷ್ಟೇ ಇರುತ್ತದೆ.

ಈ ಹಿನ್ನೆಲೆಗೆ ಎಷ್ಟು ತೂಕ ಅನ್ನುವುದಕ್ಕೆ 1986ರ ವಿಶ್ವಕಪ್‌ನ ಮರಡೋನಾ ಜೆರ್ಸಿಯೇ ಸಾಕ್ಷಿ. ಇಂಗ್ಲೆಂಡ್ ವಿರುದ್ಧದ ಕ್ವಾರ್ಟರ್ ಫೈನಲ್ ಮುಗಿದ ಮೇಲೆ ಇಂಗ್ಲೆಂಡಿನ ಸ್ಟೀವ್ ಹಾಡ್ಜ್ ಅದನ್ನು ಅದಲುಬದಲು ಮಾಡಿಕೊಂಡರು. ಮುಂದೆ ಸುಮಾರು 20 ವರ್ಷ ಅದು ಇಂಗ್ಲೆಂಡಿನ ನ್ಯಾಷನಲ್ ಫುಟ್‌ಬಾಲ್ ಮ್ಯೂಸಿಯಂನಲ್ಲಿತ್ತು. ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದು ಇಷ್ಟು ಸ್ಪಷ್ಟವಿದ್ದರೂ, 2022ರಲ್ಲಿ ಸಾದಬೀಸ್ ಹರಾಜಿಗಿಟ್ಟಾಗ ಮರಡೋನಾ ಕುಟುಂಬದವರು ಇದು ಮೊದಲಾರ್ಧದ ಜೆರ್ಸಿ, ಗೋಲು ಹೊಡೆದ ದ್ವಿತೀಯಾರ್ಧದ್ದಲ್ಲ ಎಂದರು. ಆಗ ನೆರವಿಗೆ ಬಂದದ್ದು ಪಂದ್ಯದ ಫೋಟೊಗಳು. ಲಾಂಛನ, ಪಟ್ಟೆ, ಅಂಕಿಗಳ ಸೂಕ್ಷ್ಮ ವಿವರಗಳನ್ನು ಹೋಲಿಸಿ ಗುರುತು ಖಚಿತಪಡಿಸಲಾಯಿತು. ಜೆರ್ಸಿ 71 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ನಿಮ್ಮ ಪೆಟ್ಟಿಗೆಯಲ್ಲಿ ಅಂಥದ್ದು ಇರಲಾರದು, ಆದರೆ ಪುರಾವೆ ಕೇಳುವ ರೀತಿ ಇದೇ. "ಯಾರೋ ಕೊಟ್ಟಿದ್ದು" ಎಂಬ ಮಾತು ಎಲ್ಲೂ ನಿಲ್ಲುವುದಿಲ್ಲ.

ಈಗ ಕಾರ್ಡುಗಳಿಗೆ ಬರೋಣ. ಪೆಟ್ಟಿಗೆ ತೆರೆದ ಹಾಗೆಯೇ, ಜೋಡಣೆ ಕದಲಿಸದೆ ಫೋಟೊ ತೆಗೆಯಿರಿ. ಒಂದೇ ಕಟ್ಟಿನಲ್ಲಿದ್ದವು ಸಾಮಾನ್ಯವಾಗಿ ಒಂದೇ ಕಾಲದಲ್ಲಿ ಕೂಡಿಸಿದವು, ವರ್ಷ ಪತ್ತೆ ಮಾಡುವಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ. ರಬ್ಬರ್ ಬ್ಯಾಂಡನ್ನು ಎಳೆದು ಬಿಚ್ಚಬೇಡಿ, ಕತ್ತರಿಯಿಂದ ಕತ್ತರಿಸಿ. ಹಳೇ ರಬ್ಬರು ಅಂಚನ್ನು ಕೊರೆದಿರುತ್ತದೆ, ಅದರಲ್ಲಿನ ಗಂಧಕ ಕಾಗದಕ್ಕೆ ಕಂದು ಕಲೆ ಹಿಡಿಸುತ್ತದೆ. ಕಾಗದಕ್ಕೆ ಅಂಟಿಕೊಂಡಿದ್ದರೆ ಕೆರೆಯದೆ ಹಾಗೆಯೇ ಬಿಡಿ. ಒದ್ದೆ ಬಟ್ಟೆ, ಎರೇಸರ್, ಪಾಲಿಶ್ ಯಾವುದೂ ಬೇಡ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಅಂಚು ಹಿಡಿದರೆ ಸಾಕು, ಹತ್ತಿ ಗ್ಲೌಸ್ ಹಾಕಿದರೆ ಕಾರ್ಡ್ ಜಾರುತ್ತದೆ, ಮೂಲೆಗೆ ಸಿಕ್ಕಿಕೊಳ್ಳುತ್ತದೆ. 1990ರ ದಶಕದ ಹೊಳಪಿನ ಕಾರ್ಡುಗಳು ತೇವಕ್ಕೆ ಒಂದಕ್ಕೊಂದು ಅಂಟಿ ಗಟ್ಟಿಯಾಗಿರುವುದುಂಟು. ಕಿತ್ತರೆ ಒಂದರ ಮುಖ ಇನ್ನೊಂದರ ಬೆನ್ನಿಗೆ ಹೋಗುತ್ತದೆ.

ಇವತ್ತಿನ ಸಾಮಾನ್ಯ ಕಾರ್ಡಿನ ಅಳತೆ 2.5 x 3.5 ಇಂಚು. ಮೊದಲು ಮೆತ್ತನೆಯ ಸ್ಲೀವ್ (ತೆಳು ಪ್ಲಾಸ್ಟಿಕ್ ಚೀಲ), ಅದರ ಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚ. ದಪ್ಪವನ್ನು ಪಾಯಿಂಟ್‌ನಲ್ಲಿ ಹೇಳುತ್ತಾರೆ, ಒಂದು ಪಾಯಿಂಟ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಸಾಮಾನ್ಯ ಕಾರ್ಡಿಗೆ 35 ಪಾಯಿಂಟಿನ ಟಾಪ್‌ಲೋಡರ್ ಸಾಕು. ಜೆರ್ಸಿ ತುಂಡು ಅಂಟಿಸಿದ ದಪ್ಪ ಕಾರ್ಡಿಗೆ 130 ಅಥವಾ ಅದಕ್ಕೂ ಮೇಲಿನದು ಬೇಕಾಗಬಹುದು. ಸ್ಲೀವ್ ಇಲ್ಲದೆ ನೇರ ಟಾಪ್‌ಲೋಡರಿಗೆ ತುರುಕಿದರೆ ಮೂಲೆ ಸವೆಯುತ್ತದೆ. ಹಳೇ ಮೆತ್ತನೆಯ ಪಿವಿಸಿ ಹಾಳೆಗಳನ್ನು ಬದಲಿಸಲೇಬೇಕು. ಪ್ಲಾಸ್ಟಿಕ್ ಮೆತ್ತಗಿರಲೆಂದು ಬೆರೆಸಿದ ಎಣ್ಣೆಯಂಥ ಅಂಶ ಕ್ರಮೇಣ ಹೊರಬಂದು ಅಚ್ಚನ್ನೇ ಹಿಡಿದುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆ ಸುರಕ್ಷಿತ. ನಾಲ್ಕು ಸ್ಕ್ರೂ ಬಿಗಿಯುವ ಹಳೇ ಹೋಲ್ಡರುಗಳೂ ಬೇಡ, ಒತ್ತಡಕ್ಕೆ ಕಾರ್ಡಿನ ಮೇಲ್ಮೈ ಚಪ್ಪಟೆಯಾಗಿಬಿಡುತ್ತದೆ. ಕ್ರೋಮ್ ಕಾರ್ಡ್ (ಲೋಹದಂತೆ ಹೊಳೆಯುವ ಪದರವಿರುವುದು) ಬಿಲ್ಲಿನಂತೆ ಬಾಗಿದ್ದರೆ ಗಾಬರಿ ಬೇಡ. ಕಾಗದ ತೇವ ಹೀರುತ್ತದೆ, ಮೇಲಿನ ಪದರ ಹೀರುವುದಿಲ್ಲ, ಅಷ್ಟೇ. ತೇವಾಂಶ ಶೇ. 45ರಿಂದ 50ರ ಆಸುಪಾಸಿನಲ್ಲಿ, ಏರಿಳಿತವಿಲ್ಲದೆ ಇಟ್ಟರೆ ಎಷ್ಟೋ ಬಾರಿ ತಾನಾಗಿ ಸರಿಹೋಗುತ್ತದೆ.

ಸ್ಟಿಕರ್ ಆಲ್ಬಮ್ ವಿಷಯದಲ್ಲಿ ನಾನು ಹಟಮಾರಿ. ಅಂಟಿಸಿದ ಸ್ಟಿಕರನ್ನು ಯಾವ ಕಾರಣಕ್ಕೂ ಕೀಳಬಾರದು. ಇಟಲಿಯ ಮೊಡೆನಾದ ಪನಿನಿ 1961ರಲ್ಲಿ ಆಟಗಾರರ ಚಿತ್ರಗಳ ಸಂಗ್ರಹ ಶುರುಮಾಡಿದಾಗ ಅವನ್ನು ಗೋಂದು ಹಚ್ಚಿ ಅಂಟಿಸಬೇಕಿತ್ತು. ಅದರ ಮೊದಲ ವಿಶ್ವಕಪ್ ಆಲ್ಬಮ್ 1970ರ ಮೆಕ್ಸಿಕೋದ್ದು. ಅಂಥ ಹಳೇ ಪುಟದಿಂದ ಕಿತ್ತ ಚಿತ್ರ ಹರಿಯುತ್ತದೆ, ಆಲ್ಬಮ್ಮಿನ ಲೆಕ್ಕಾಚಾರವೂ ಕೆಡುತ್ತದೆ. ಓರೆಕೋರೆಯಾಗಿ ಅಂಟಿಸಿದ ಮಗುವಿನ ಕೈಯೂ ಆ ಆಲ್ಬಮ್ಮಿನ ಚರಿತ್ರೆಯೇ. ಖಾಲಿ ಜಾಗಕ್ಕೆ ಇವತ್ತಿನ ನಕಲು ಅಂಟಿಸಬೇಡಿ. ಬಿಡಿ ಸ್ಟಿಕರ್ ಇದ್ದರೆ ಹಿಂಬದಿಯ ಕಾಗದ ಬಿಡಿಸದೆ ಪ್ರತ್ಯೇಕ ಇಡಿ.

ವರ್ಷ ಹುಡುಕಲು ಕಾರ್ಡಿನ ಹಿಂಬದಿಯ ಅತಿ ಚಿಕ್ಕ ಅಕ್ಷರದ ಹಕ್ಕುಸ್ವಾಮ್ಯದ ಸಾಲನ್ನೂ ಅಂಕಿಅಂಶದ ಕೊನೆಯ ಸಾಲನ್ನೂ ಓದಿ. ಹೆಸರಾಂತ ಕಾರ್ಡ್ ಕಂಡರೆ ಮೊದಲು ಅನುಮಾನಪಡಿ. 1958ರ ಸ್ವೀಡನ್‌ನ ಆಲಿಫಾಬೊಲಾಗೆಟ್ ಸರಣಿಯ ಪೆಲೆ (ಸಂಖ್ಯೆ 635), 2004-05ರ ಮೆಗಾಕ್ರ್ಯಾಕ್ಸ್ ಸರಣಿಯ ಮೆಸ್ಸಿ (ಸಂಖ್ಯೆ 71), ಇಂಥವಕ್ಕೆಲ್ಲ ಮರುಮುದ್ರಣ, ನಕಲು ಇದ್ದೇ ಇರುತ್ತವೆ. 10 ಪಟ್ಟು ಹಿಗ್ಗಿಸುವ ಮಸೂರ ಹಿಡಿದು ಕಪ್ಪು ಅಕ್ಷರಗಳ ಅಂಚು ನೋಡಿ. ಮೂಲ ಮುದ್ರಣದಲ್ಲಿ ಅವು ಸಾಮಾನ್ಯವಾಗಿ ತುಂಬು ಕಪ್ಪು, ಸ್ಕ್ಯಾನ್ ಮಾಡಿದ ನಕಲಿನಲ್ಲಿ ಅಕ್ಷರವೂ ಬಣ್ಣದ ಚುಕ್ಕಿಗಳಾಗಿ ಒಡೆದಿರುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಸಿಗರೇಟ್ ಕಾರ್ಡ್ (ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ ಚಿತ್ರದ ಕಾರ್ಡ್) ಎಂದು ಹೇಳಿಕೊಳ್ಳುವುದು ಯುವಿ ಬೆಳಕಿನಲ್ಲಿ ನೀಲಿ-ಬಿಳಿಯಾಗಿ ಝಗ್ಗನೆ ಹೊಳೆದರೆ ಆ ಕಾಗದ ಆ ಕಾಲದ್ದಲ್ಲ.

ಸಹಿಗೂ ಇದೇ ಮಸೂರ. ಅಚ್ಚಾದ ಸಹಿ ಚುಕ್ಕಿ ಚುಕ್ಕಿ ಕಾಣುತ್ತದೆ. ಪೆನ್ನಿನದಾದರೆ ಗೆರೆ ಒಂದರ ಮೇಲೊಂದು ಹಾದಲ್ಲಿ ಶಾಯಿ ದಟ್ಟವಾಗಿರುತ್ತದೆ. ಆದರೆ ಪೆನ್ನಿನ ಸಹಿ ಅಂದಮಾತ್ರಕ್ಕೆ ಆ ಆಟಗಾರನದೇ ಆಗಬೇಕಿಲ್ಲ. ಪ್ರಮಾಣಪತ್ರವೂ ಅದನ್ನು ಕೊಟ್ಟವರಷ್ಟೇ ನಂಬಲರ್ಹ. ಸಹಿಯ ಜೆರ್ಸಿ ಒಗೆಯಬೇಡಿ, ಇಸ್ತ್ರಿ ಹಾಕಬೇಡಿ, ಬಿಸಿಲಿಗೆ ತೂಗುಹಾಕಬೇಡಿ. ಅಂಕಿಗಳ ಮೇಲೆ ಮಡಿಕೆ ಬೀಳದಂತೆ ನಡುವೆ ಆಮ್ಲರಹಿತ ಕಾಗದವಿಟ್ಟು ಸುತ್ತಿಡಿ. ಪ್ರೋಗ್ರಾಮ್ ಪುಸ್ತಿಕೆಗಳಲ್ಲಿ ನೋಡಬೇಕಾದ್ದು ತುಕ್ಕು ಹಿಡಿದ ಪಿನ್ನು, ಕತ್ತರಿಸಿ ತೆಗೆದ ಟೋಕನ್ (ಪುಟದಲ್ಲೇ ಅಚ್ಚಾದ ಕೂಪನ್), ತಂಡದ ಪಟ್ಟಿಯ ಮೇಲಿನ ಪೆನ್ನಿನ ತಿದ್ದುಪಡಿ.

ಎಲ್ಲವನ್ನೂ ಗ್ರೇಡಿಂಗಿಗೆ, ಅಂದರೆ ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವ ಸಂಸ್ಥೆಗಳಿಗೆ, ಕಳಿಸುವ ಈಗಿನ ಚಾಳಿ ನನಗೆ ಒಪ್ಪಿಗೆಯಿಲ್ಲ. 1990ರ ದಶಕದ ಎಷ್ಟೋ ಸರಣಿಗಳು ವಿಪರೀತ ಸಂಖ್ಯೆಯಲ್ಲಿ ಅಚ್ಚಾದವು, ಅವುಗಳ ಸಾಮಾನ್ಯ ಕಾರ್ಡಿಗೆ ಗ್ರೇಡಿಂಗ್ ಶುಲ್ಕವೂ ಹುಟ್ಟುವುದಿಲ್ಲ. ಅಂಚಿನ ಬಿಳಿ ಜಾಗದ ಸಮತೋಲ, ಮೂಲೆ, ಅಂಚು, ಮೇಲ್ಮೈ ನಾಲ್ಕನ್ನೂ ನೀವೇ ನೋಡಿ, ಅಳತೆ ಹಿಡಿದು ಯಾರೂ ಅಂಚು ಕತ್ತರಿಸಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಇಷ್ಟಾಗಿಯೂ ನಿಜಕ್ಕೂ ಬೆಲೆಬಾಳುವ ಕಾರ್ಡೊಂದು ಸಿಕ್ಕರೆ, ಗ್ರೇಡಿಂಗಿಗೆ ಕಳಿಸುವ ಮೊದಲು, ಯಾರಿಗೂ ಬೆಲೆ ಹೇಳುವ ಮೊದಲು, ಪೆಟ್ಟಿಗೆ ಕೊಟ್ಟ ಸಹೋದ್ಯೋಗಿಗೆ ತಿಳಿಸಿ. ಕೊಡುವಾಗ ಅದರ ಬೆಲೆ ಅವರಿಗೆ ಗೊತ್ತಿದ್ದಿರಲಾರದು. ಅದನ್ನು ಮರಳಿ ಪಡೆಯಬೇಕೋ ನಿಮಗೇ ಬಿಡಬೇಕೋ ಅನ್ನುವುದನ್ನು ಅವರೇ ಹೇಳಲಿ, ಆ ಮಾತು ದಿನಾಂಕ ಮತ್ತು ಸಹಿಯ ಸಮೇತ ಅದೇ ಹಿನ್ನೆಲೆಯ ಟಿಪ್ಪಣಿಯಲ್ಲಿ ಸೇರಲಿ.