ಇಳಿಜಾರಿನಲ್ಲಿ ಎಲ್ಲ ಸೈಕಲ್ಲೂ ಒಳ್ಳೆಯದೇ

ಸೈಕಲ್ ತೆಗೆದುಕೊಳ್ಳುತ್ತೇನೆ ಎಂದಾಗ ಹೆಂಡತಿ ಏನೂ ಮಾತಾಡಲಿಲ್ಲ. ಚಾವಡಿಯ ಮೂಲೆಯಲ್ಲಿದ್ದ ಟ್ರೆಡ್‌ಮಿಲ್ಲಿನ ಕಡೆ ಒಮ್ಮೆ ನೋಡಿದಳು. ಅದರ ಒಂದು ಕೈಯಲ್ಲಿ ನನ್ನ ಬೈರಾಸು, ಇನ್ನೊಂದರಲ್ಲಿ ಮಗನ ಜೀನ್ಸು, ನಡುವೆ ಹಪ್ಪಳ ಒಣಗಿಸುವ ಚಾಪೆ. "ಹೊಸತು ಮಾತ್ರ ಬೇಡ" ಎಂದಳು ಕೊನೆಗೆ. ಹಾಗೆ ನಾನು ಹಳೆ ಸೈಕಲ್ಲುಗಳ ಬೆನ್ನು ಹತ್ತಿದೆ.

ಡಾಕ್ಟರು ಹೇಳಿದ್ದು ಇಷ್ಟೇ: ಶುಗರ್ ಗಡಿಯಲ್ಲಿ ನಿಂತಿದೆ, ದಿನಾ ಅರ್ಧ ಗಂಟೆ ಮೈ ಬೆವರುವಂಥದ್ದು ಏನಾದರೂ ಮಾಡಿ. ನಡೆಯಬಹುದಿತ್ತು. ಆದರೆ ನಡೆಯಲು ಖರ್ಚಿಲ್ಲ, ಖರ್ಚಿಲ್ಲದ ಕೆಲಸದಲ್ಲಿ ನನಗೆ ಶ್ರದ್ಧೆ ಹುಟ್ಟುವುದಿಲ್ಲ. ಬೆಳಿಗ್ಗೆ ಆರಕ್ಕೆ ಉಡುಪಿಯ ಅಂಬಲಪಾಡಿಯಿಂದ ಹೊರಟು, ಮಲ್ಪೆಯಲ್ಲಿ ಕಡಲಿಗೆ ಒಂದು ನಮಸ್ಕಾರ ಹಾಕಿ, ಬರುವ ದಾರಿಯಲ್ಲಿ ಎರಡು ಬನ್ಸ್ ತಿಂದು ಮನೆಗೆ ಬರುವ ಚಿತ್ರ ಕಣ್ಣ ಮುಂದೆ ಕಟ್ಟಿತ್ತು. ಬನ್ಸ್ ತಿಂದರೆ ಶುಗರಿಗೆ ಎಂತ ಆಗುತ್ತದೆ ಎಂಬುದು ಆ ಚಿತ್ರದಲ್ಲಿ ಇರಲಿಲ್ಲ.

ಮೊಬೈಲಿನಲ್ಲಿ ಹಳೆ ಸಾಮಾನು ಮಾರುವ ಸಂತೆಯಲ್ಲಿ ಒಂದು ವಾರ ಕೂತರೆ ನಮಗೆ ಗೊತ್ತಿರುವ ಕನ್ನಡವೇ ಬೇರೆ ಅರ್ಥದಲ್ಲಿ ತಿರುಗಿ ಬರುತ್ತದೆ. "ಗಾಳಿ ಹಾಕಿದರೆ ಸಾಕು" ಎಂದರೆ ಗಾಳಿ ಹಾಕಲು ಒಳಗೆ ಟ್ಯೂಬು ಇಲ್ಲ. "ಸಣ್ಣ ಸರ್ವೀಸ್ ಬೇಕು" ಎಂದರೆ ಹ್ಯಾಂಡಲ್ ಒಂದನ್ನು ಉಳಿಸಿಕೊಂಡು ಬಾಕಿ ಎಲ್ಲ ಬದಲಿಸಿ. "ಮಗ ಉದ್ದ ಆದ, ಹಾಗಾಗಿ ಕೊಡುತ್ತಿದ್ದೇವೆ" ಎಂಬ ಕಡೆ ಮಗ ಉದ್ದ ಆಗಿ, ಪಿಯುಸಿ ಮುಗಿಸಿ, ದುಬೈಗೆ ಹೋಗಿ, ಅಲ್ಲಿಂದ ಮದುವೆಗೆ ಬಂದು ಹೋಗಿದ್ದಾನೆ. ನಾನು ಅತಿ ಹೆಚ್ಚು ನಂಬಿದ್ದು "ತುಂಬಾ ಕಮ್ಮಿ ಓಡಿಸಿದ್ದು" ಎಂಬುದನ್ನು. ಅದು ಸುಳ್ಳಲ್ಲ ಎಂದು ಆಮೇಲೆ ಗೊತ್ತಾಯಿತು. ಓಡದ ಸೈಕಲ್ಲನ್ನು ಯಾರಾದರೂ ಹೆಚ್ಚು ಓಡಿಸುವುದು ಹೇಗೆ?

ಫೋಟೋಗಳದ್ದು ಇನ್ನೊಂದು ಕತೆ. ಸೈಕಲ್ಲಿನ ಚೈನು, ಗೇರು, ಹಲ್ಲಿನ ಚಕ್ರ ಎಲ್ಲ ಇರುವುದು ಬಲಗಡೆ. ಇವರು ತೆಗೆಯುವುದು ಎಡಗಡೆಯ ಫೋಟೋ. ಐದು ಫೋಟೋ ಇದ್ದರೆ ಐದೂ ಎಡಗಡೆಯದ್ದು. ಬೆಲ್ಲಿನದ್ದು ಮಾತ್ರ ಹತ್ತಿರದಿಂದ. "ಬಲಗಡೆಯ ಫೋಟೋ ಕಳಿಸುತ್ತೀರಾ?" ಎಂದು ನಾನು ಕೇಳಿದವರಲ್ಲಿ ಮೂವರು ಮಾತೇ ನಿಲ್ಲಿಸಿದರು. ಒಬ್ಬರು ಅದೇ ಫೋಟೋವನ್ನು ಕನ್ನಡಿ ತಿರುಗಿಸಿದ ಹಾಗೆ ಮಾಡಿ ಕಳಿಸಿದರು. ಬಲಗಡೆ ಬಂತು, ಚೈನು ಬರಲಿಲ್ಲ. ಕಂಪೆನಿಯ ಹೆಸರು ಉಲ್ಟಾ ಓದುತ್ತಿತ್ತು.

ಕಟಪಾಡಿಯಲ್ಲಿ ಒಬ್ಬರ ಮನೆಗೆ ಹೋಗಿದ್ದೆ. "ಸಂಜೆ ಏಳರ ನಂತರ ಬನ್ನಿ, ಹಗಲು ನಾವು ಇರುವುದಿಲ್ಲ" ಎಂದಿದ್ದರು. ಜಗಲಿಯಲ್ಲಿ ಸೊನ್ನೆ ವ್ಯಾಟಿನ ಬಲ್ಬು, ಅದರ ಕೆಳಗೆ ಸೈಕಲ್ ಮದುಮಗಳ ಹಾಗೆ ಹೊಳೆಯುತ್ತಿತ್ತು. ಟಯರು ಸಹ ಮಿರಮಿರ. ಹತ್ತಿರ ಬಗ್ಗಿದರೆ ನನ್ನ ಅಜ್ಜಿಯ ನೆನಪಾಯಿತು. ಬೆರಳಲ್ಲಿ ಒರೆಸಿ ಮೂಸಿದೆ: ಶುದ್ಧ ತೆಂಗಿನೆಣ್ಣೆ! ಸೀಟಿನಿಂದ ಹಿಡಿದು ಸ್ಪೋಕಿನವರೆಗೆ ಸೈಕಲ್ಲಿಗೆ ಅಭ್ಯಂಜನ ಆಗಿತ್ತು. ಹಿಂದಿನ ಮಡ್‌ಗಾರ್ಡಿನ ಮೇಲೆ ಇರುವೆಗಳು ಸಾಲು ಹಿಡಿದಿದ್ದವು. "ರಸ್ತೆಯಲ್ಲಿ ಒಂದು ರೌಂಡ್ ನೋಡುವನಾ?" ಎಂದೆ. "ಬೇಡ ಮಾರಾಯ್ರೆ, ಹೊರಗೆ ನಾಯಿ ಉಂಟು" ಎಂದರು. ನಾಯಿ ಅವರ ಕಾಲ ಬುಡದಲ್ಲೇ ಮಲಗಿತ್ತು, ಅದಕ್ಕೂ ಎಣ್ಣೆಯ ಪರಿಮಳ ಹಿಡಿಸಿದಂತಿತ್ತು.

ಇವರೆಲ್ಲ ಪಾಪ, ಕಣ್ಣೆದುರಿಗೆ ಕೂತು ಸುಳ್ಳು ಹೇಳುವ ಧೈರ್ಯವಿದ್ದ ಜನ. ಆ ಧೈರ್ಯ ಇಲ್ಲದವನೊಬ್ಬ ಸಿಕ್ಕಿದ. ಜಾಹೀರಾತಿನಲ್ಲಿ ಊರು ಉಡುಪಿ ಎಂದಿತ್ತು, ಸೈಕಲ್ಲಿನ ಹಿಂದೆ ಮಾತ್ರ ಹಿಮ ಬಿದ್ದ ಬೆಟ್ಟ ಕಾಣುತ್ತಿತ್ತು. ತಾನು ಸೇನೆಯಲ್ಲಿರುವುದಾಗಿಯೂ ದಿಢೀರ್ ವರ್ಗ ಆಗಿರುವುದಾಗಿಯೂ ಹೇಳಿ ಯಾರದೋ ಗುರುತಿನ ಚೀಟಿ ಕಳಿಸಿದ. ಸೈಕಲ್ ಸೇನೆಯ ಗಾಡಿಯಲ್ಲೇ ಮನೆ ಬಾಗಿಲಿಗೆ ಬರುತ್ತದಂತೆ, ಗೇಟ್ ಪಾಸಿಗೆ 500 ರೂಪಾಯಿ ಅಂತೆ. ಹಾಕಿದೆ. ಮರುದಿನ, "ನಿಮ್ಮ 500 ವಾಪಸ್ ಬರುತ್ತದೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎಂದ. ನಾನು ಒತ್ತುವುದರಲ್ಲಿದ್ದೆ. ಮಗ ಬಂದು ಫೋನ್ ಕಿತ್ತುಕೊಂಡ. "ಅಪ್ಪಾ, ದುಡ್ಡು ಬರುವುದಕ್ಕೆ ಪಿನ್ ಬೇಡ. ಹೋಗುವುದಕ್ಕೆ ಮಾತ್ರ ಬೇಕು." ಇಷ್ಟು ಸಣ್ಣ ವಿಷಯ ಇಷ್ಟು ವರ್ಷ ಯುಪಿಐ ಒತ್ತಿದ ನನ್ನ ತಲೆಗೆ ಹೊಳೆದಿರಲಿಲ್ಲ. ಅವನೇ ಸೈಬರ್ ವಂಚನೆಯ ದೂರು ಕೊಡುವ 1930ಕ್ಕೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ಎಂತ ತೆಗೆದುಕೊಳ್ಳಲು ಹೋಗಿದ್ದಿರಿ ಎಂದು ಆ ಕಡೆಯಿಂದ ಕೇಳಿದರು. ಸೈಕಲ್ ಎಂದೆ. ಒಮ್ಮೆ ಸುಮ್ಮನಾಗಿ, ಆಮೇಲೆ ಬರೆದುಕೊಂಡರು.

ಇಷ್ಟೆಲ್ಲ ಆದ ಮೇಲೆ ಒಂದು ಜಾಹೀರಾತು ಕಣ್ಣಿಗೆ ಬಿತ್ತು. "ಗೇರ್ ಸೈಕಲ್. ಕಪ್ಪು. 8,500." ಅಷ್ಟೇ. ವರ್ಣನೆ ಇಲ್ಲ, ಮಗ ಉದ್ದ ಆದದ್ದಿಲ್ಲ. ಬಲಗಡೆಯ ಫೋಟೋ ಕೂಡ ಇತ್ತು, ಸ್ವಲ್ಪ ದೂರದಿಂದ. ನನಗೆ ಆ ಮೂರು ಶಬ್ದಗಳ ಮೇಲೆ ಪ್ರೀತಿಯೇ ಹುಟ್ಟಿತು.

ಮಣಿಪಾಲದ ಟೈಗರ್ ಸರ್ಕಲ್ ಹತ್ತಿರ ಬರಲು ಹೇಳಿದ. ಇಪ್ಪತ್ತೈದರ ಆಸುಪಾಸಿನ ಹುಡುಗ, ಮೆಲು ಮಾತು. ಜಾಗ್ರತೆಯ ಮನುಷ್ಯ ಎಂದು ತೋರಿಸಿಕೊಳ್ಳಲು ನಾನು ಪ್ರಶ್ನೆ ಶುರು ಮಾಡಿದೆ.

"ಮಳೆಗೆ ಎಲ್ಲ ತೆಗೆದಿಲ್ಲ ಅಲ್ವಾ?"

"ಇಲ್ಲ ಅಂಕಲ್."

"ಅಲ್ಯೂಮಿನಿಯಂ ಅಲಾಯ್ ಫ್ರೇಮ್ ಅಲ್ವಾ ಇದು, ತುಕ್ಕು ಹಿಡಿಯುವುದಿಲ್ಲವಲ್ಲ?"

"ಹೌದು ಅಂಕಲ್."

"ಒಬ್ಬರದ್ದೇ ಕೈಯಲ್ಲಿ ಇದ್ದದ್ದಾ?"

"ಹೌದು."

"ಬಿಲ್ಲು?"

ಇದೊಂದಕ್ಕೆ ನಾನು ಉತ್ತರ ಸೇರಿಸಿ ಕೇಳಿರಲಿಲ್ಲ, ಹಾಗಾಗಿ ಅವನು ಸ್ವಲ್ಪ ತಡವರಿಸಿದ. "ಇತ್ತು ಅಂಕಲ್, ಒರಲೆ..." ಎಂದ. "ಹೌದೌದು, ನಮ್ಮ ಕಡೆ ಒರಲೆಯದ್ದು ದೊಡ್ಡ ಉಪದ್ರ" ಎಂದು ನಾನೇ ವಾಕ್ಯ ಮುಗಿಸಿ ಕೊಟ್ಟೆ.

ಈಗ ಕೂತು ಯೋಚಿಸಿದರೆ ಆ ಹುಡುಗ ತಾನಾಗಿ ಒಂದು ಸುಳ್ಳನ್ನೂ ಹೇಳಲಿಲ್ಲ. ಎಲ್ಲವನ್ನೂ ನಾನೇ ಕಲಸಿ, ಉಂಡೆ ಮಾಡಿ, ಅವನ ಬಾಯಿಗೆ ಇಟ್ಟೆ. ಅವನು ನುಂಗಿದ, ಅಷ್ಟೇ.

"ಟ್ರಯಲ್ ನೋಡಿ ಅಂಕಲ್, ಹೀಗೆ ಉಡುಪಿ ಕಡೆಗೆ ಸ್ವಲ್ಪ ಹೋಗಿ, ನಾನು ಸ್ಕೂಟರಲ್ಲಿ ಹಿಂದೆ ಬರ್ತೇನೆ." ಮಣಿಪಾಲ ಇರುವುದು ಗುಡ್ಡದ ಮೇಲೆ, ಉಡುಪಿ ಕೆಳಗೆ. ಆ ಇಳಿಜಾರಿನಲ್ಲಿ ಅಡುಗೆಮನೆಯ ಮಣೆಗೆ ನಾಲ್ಕು ಲಿಂಬೆಹಣ್ಣು ಕಟ್ಟಿ ಬಿಟ್ಟರೂ ಇಂದ್ರಾಳಿಯವರೆಗೆ ಬಂದೀತು. ಆದರೆ ಬೆಳಗಿನ ತಣ್ಣನೆ ಗಾಳಿ ಮುಖಕ್ಕೆ ಹೊಡೆಯುವಾಗ ಇಂಥ ಲೆಕ್ಕ ಯಾರಿಗೆ ಬರುತ್ತದೆ? ಒಂದು ಶಬ್ದ ಇಲ್ಲ, ಒಂದು ಕುಲುಕಾಟ ಇಲ್ಲ. ಪೆಡಲ್ ಒಮ್ಮೆಯೂ ತುಳಿಯಲಿಲ್ಲ ಎಂಬುದು ನನ್ನ ಗಮನಕ್ಕೇ ಬರಲಿಲ್ಲ. ಒಳಪೆಡಲ್ ಹೊಡೆದು ಸೈಕಲ್ ಕಲಿತ ಕಾಲದ ಹುಡುಗ ನನ್ನೊಳಗೆ ಎದ್ದು ಕೂತಿದ್ದ. ಬೆಲ್ ಬಾರಿಸಿದೆ, ಎದುರಿಗೆ ಯಾರೂ ಇಲ್ಲದಿದ್ದರೂ.

ಲಕ್ಷ್ಮೀಂದ್ರನಗರ ದಾಟಿ ಬದಿಗೆ ನಿಲ್ಲಿಸಿದೆ. ಹುಡುಗ ಸ್ಕೂಟರ್ ನಿಲ್ಲಿಸಿ ಮೇಲಿನ ಏರು ನೋಡಿದ, ನನ್ನ ಹೊಟ್ಟೆ ನೋಡಿದ. "ಈ ವಯಸ್ಸಲ್ಲಿ ತಿರುಗಿ ಮೇಲೆ ಯಾಕೆ ಹತ್ತುತ್ತೀರಿ ಅಂಕಲ್? ಬೇಕಾದರೆ ಇಲ್ಲೇ ದುಡ್ಡು ಕೊಟ್ಟು ಹಾಗೇ ಮನೆಗೆ ಹೋಗಿ." ನಾನು 6,000 ಎಂದೆ. ಅವನು ಎರಡು ಸೆಕೆಂಡು ಬೇಸರ ಮಾಡಿಕೊಂಡು ಒಪ್ಪಿದ. ಎಂಥ ಒಳ್ಳೆ ಹುಡುಗ ಎಂದುಕೊಂಡೆ. ಪಿನ್ ಒತ್ತಿದೆ. ಈ ಸಲ ಪಿನ್ ಯಾತಕ್ಕೆ ಎಂದು ಗೊತ್ತಿತ್ತು.

ಇಂದ್ರಾಳಿ ಕಳೆದು ಕುಂಜಿಬೆಟ್ಟಿನ ಹತ್ತಿರ ರಸ್ತೆ ಸಮ ಆದಾಗ ಮೊದಲ ಬಾರಿಗೆ ಪೆಡಲ್ ತುಳಿದೆ. "ಕಟಕ್" ಎಂದಿತು. ಇನ್ನೊಮ್ಮೆ ತುಳಿದರೆ ಚೈನು ಹಲ್ಲಿನಿಂದ ಹಲ್ಲಿಗೆ ಹಾರಿ ಕಾಲು ಗಾಳಿಯಲ್ಲಿ ಹೋಯಿತು. ಕಡಿಯಾಳಿಯಿಂದ ಕಲ್ಸಂಕದವರೆಗೆ ಸೈಕಲ್ಲನ್ನು ನಾನು ತಳ್ಳಿಕೊಂಡು ಬಂದೆ. ಡಾಕ್ಟರು ಹೇಳಿದ ಬೆವರು ಅಂದೇ ಬಂತು.

ಹಳೆಯ ಸೈಕಲ್ ಶಾಪೊಂದು ಆ ಕಡೆ ಇನ್ನೂ ಉಳಿದಿದೆ. ಶಾಪಿನ ಅಣ್ಣ ಗ್ರೀಸ್ ಹತ್ತಿದ ಲುಂಗಿಯಲ್ಲಿ ಕೂತು ಬೇರಿಂಗಿನ ಬಾಲ್ಸ್ ತೊಳೆಯುತ್ತಿದ್ದರು. ಸೈಕಲ್ ನೋಡಿದವರೇ ಯಾಕೋ ಸಣ್ಣಗೆ ನಕ್ಕರು. ಏನೂ ಕೇಳದೆ ಒಂದು ಸ್ಕೇಲ್ ತಂದು ಚೈನಿಗೆ ಹಿಡಿದರು. "ನೋಡಿ, ಈ ಪಿನ್ನಿನಿಂದ ಆ ಪಿನ್ನಿಗೆ ಅರ್ಧ ಇಂಚು. ಇಪ್ಪತ್ನಾಲ್ಕು ಲೆಕ್ಕ ಹಾಕಿದರೆ ಹನ್ನೆರಡು ಇಂಚು ಬರಬೇಕು. ಅರೆಕಾಲು ಇಂಚು ಹೆಚ್ಚು ಬಂದರೆ ಚೈನು ಮುಗಿಯಿತು ಅಂತ. ನಿಮ್ಮದು ಎಷ್ಟುಂಟು?" ಬಗ್ಗಿ ನೋಡಿದೆ. ಹನ್ನೆರಡೂ ಕಾಲು. "ಇದು ಎಳೆದು ಎಳೆದು ಚಕ್ಕುಲಿ ಹಿಟ್ಟಾಗಿದೆ" ಎಂದರು.

"ಫ್ರೇಮ್ ಆದರೂ ಅಲಾಯ್ ಅಲ್ವಾ?" ನನ್ನ ಚಟ ಬಿಟ್ಟಿರಲಿಲ್ಲ. ಅವರು ಹುಡುಗನ ಹಾಗೆ ಹೌದು ಅನ್ನಲಿಲ್ಲ. ಕೆಳಗೆ ಬಿದ್ದ ಬಾಲ್ಸ್ ಹೆಕ್ಕಲು ಇಟ್ಟುಕೊಂಡಿದ್ದ ಹಳೆ ಸ್ಪೀಕರಿನ ಅಯಸ್ಕಾಂತವನ್ನು ಫ್ರೇಮಿನ ಹತ್ತಿರ ತಂದರು. ಅದು ಅವರ ಕೈ ಬಿಟ್ಟು ಹಾರಿ ಟಪ್ಪೆಂದು ಅಂಟಿಕೊಂಡಿತು. ಅಲಾಯಿಗೆ ಅದು ಅಂಟುವುದಿಲ್ಲ ಎಂದು ಬಾಯಿಬಿಟ್ಟು ಹೇಳುವ ತೊಂದರೆಯನ್ನೂ ಅವರು ತೆಗೆದುಕೊಳ್ಳಲಿಲ್ಲ. ಸೀಟಿನ ಕಂಬ ಕಿತ್ತು ಸೈಕಲ್ಲನ್ನು ತಲೆಕೆಳಗು ಮಾಡಿದರು. ಒಳಗಿನಿಂದ ಗಳಗಳ ಎಂದು ಅರ್ಧ ಚೊಂಬಿನಷ್ಟು ಕೆಂಪು ನೀರು ನನ್ನ ಚಪ್ಪಲಿಯ ಮೇಲೆ ಬಿತ್ತು.

"ಮಳೆಗೆ ತೆಗೆದಿಲ್ಲ ಅಂತ ಹೇಳಿದ್ದ" ಎಂದೆ.

"ತೆಗೆದಿರಲಿಕ್ಕಿಲ್ಲ. ಹೊರಗೇ ಇತ್ತೋ ಏನೋ. ಇದು ಹೋದ ಆಟಿಯ ಮಳೆ ನೀರು."

ಅಡಿಯಲ್ಲಿ, ಪೆಡಲಿನ ಅಚ್ಚು ಕೂರುವ ಕಡೆ ಫ್ರೇಮಿನ ನಂಬರ್ ಕೊರೆದಿರುತ್ತಾರೆ. ಅಲ್ಲಿ ಕರಿ ಬಣ್ಣ ದಪ್ಪಕ್ಕೆ ಕೂತಿತ್ತು. ಅವರು ಸ್ಕ್ರೂಡ್ರೈವರಿನಲ್ಲಿ ಕೆರೆದರು. ಕರಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಕೆಂಪು, ಪತ್ರೊಡೆಯ ಹಾಗೆ ಪದರ ಪದರ. ನಂಬರ್ ಕಾಣುವ ಮೊದಲೇ ಕೆರೆಯುವುದನ್ನು ನಿಲ್ಲಿಸಿದರು.

"ಸಾಕು. ಇದು ಅದೇ."

"ಯಾವುದು ಅದೇ?"

"ಈ ಕರಿ ಬಣ್ಣ ನಾನೇ ಹೊಡೆದದ್ದು ಮಾರಾಯ್ರೆ. ನೀಲಿಯೂ ನನ್ನದೇ. ಕೆಂಪು ನನ್ನದಲ್ಲ, ಅದು ಕಂಪೆನಿಯದ್ದು. ನೀವು ನಾಲ್ಕನೆಯವರು. ತೆಗೆದುಕೊಂಡ ಮೇಲೆ ಎಲ್ಲರೂ ಇಲ್ಲಿಗೇ ತಳ್ಳಿಕೊಂಡು ಬರ್ತಾರೆ. ತೆಗೆದುಕೊಳ್ಳುವ ಮೊದಲು ಒಬ್ಬರೂ ಬರುವುದಿಲ್ಲ."

ಕೃಷ್ಣನ ಪೂಜೆ ಎಂಟು ಮಠಗಳ ನಡುವೆ ಸರದಿಯಲ್ಲಿ ಕೈ ಬದಲಾಗುವ ಪರ್ಯಾಯ ಉಡುಪಿಯಲ್ಲಿ ಮೊದಲು ಎರಡು ತಿಂಗಳಿಗೊಮ್ಮೆ ಇತ್ತಂತೆ. ಅದನ್ನು ಎರಡು ವರ್ಷಕ್ಕೆ ತಂದವರು ವಾದಿರಾಜರು. ಈ ಸೈಕಲ್ಲಿಗೆ ಇನ್ನೂ ಯಾವ ವಾದಿರಾಜರೂ ಸಿಕ್ಕಿಲ್ಲ.

ಚೈನು, ಹಿಂದಿನ ಹಲ್ಲಿನ ಚಕ್ರ, ಎರಡು ಟಯರು, ಕೇಬಲ್ಲು ಸೇರಿ 3,200 ಆಗುತ್ತದೆ ಎಂದರು. ಅಷ್ಟು ಹಾಕಿದರೆ ಎಷ್ಟು ಸಮಯ ಬಂದೀತು ಎಂದು ಕೇಳಿದೆ. ಈ ಸಲ ಉತ್ತರ ಸೇರಿಸದೆ ಕೇಳಿದೆ.

"ಮುಂದಿನವರಿಗೆ ಕೊಡುವವರೆಗೆ ಧಾರಾಳ ಬರ್ತದೆ" ಎಂದು ಅವರು ಕೈ ಒರೆಸಿಕೊಂಡರು. ಮತ್ತೆ ಒಳಗಿನ ಕಪಾಟಿನ ಕಡೆ ಗಲ್ಲ ಎತ್ತಿ ತೋರಿಸಿದರು. "ಹಸಿರು ಪೈಂಟ್ ಅರ್ಧ ಡಬ್ಬಿ ಉಂಟು. ನಿಮಗೆ ಬೇಕಾಗ್ತದೆ ಅಂತ ಇಟ್ಟಿರ್ತೇನೆ."